ಮೇಸ್ತ್ರಿ ಆರಿಸಿದ ಜಾಗ

ಆ ಬೀದಿಯಲ್ಲಿ ಮೇಸ್ತ್ರಿ ಎಂದರೆ ಅವನೊಬ್ಬನೇ. ಮೂವತ್ತು ವರ್ಷ ಕಂಡವರ ಮನೆಗೆಲ್ಲ ಗೋಡೆ ಕಟ್ಟಿದ, ಗಾರೆ ಹಾಕಿದ, ನೆಲ ಮಾಡಿದ. ಅವನು ಮಟ್ಟ ನೋಡಿದ ನೆಲದ ಮೇಲೆ ನೀರು ಸುರಿದರೆ, ಹೇಳಿದ ಮಾತು ಕೇಳುವ ಹಾಗೆ ನೆಟ್ಟಗೆ ಮೋರಿಗೇ ಹೋಗುತ್ತಿತ್ತು. ತನ್ನ ಮನೆಗೂ ಹಾಗೇ ಮಾಡಿದ. ಮುಂದಿನ ಅಂಗಳ, ಪಕ್ಕದ ಓಣಿ, ಹಿತ್ತಿಲು, ಎಲ್ಲಕ್ಕೂ ಸಿಮೆಂಟ್ ಬಳಿದ. ಒಂದು ಗಿಡಕ್ಕಾದರೂ ಜಾಗ ಬಿಡಿ ಎಂದಿದ್ದಳು ಹೆಂಡತಿ. "ಕೆಸರಿಲ್ಲ, ಕಳೆ ಇಲ್ಲ, ಗುಡಿಸೋಕೆ ಸಲೀಸು, ಸುಮ್ನಿರು," ಎಂದ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಮೊಳ ಮಣ್ಣು ಉಳಿಯಿತು. ಅದೂ ಅಲ್ಲಿಗೆ ಬರುವಷ್ಟರಲ್ಲಿ ಸಿಮೆಂಟ್ ಮುಗಿದಿತ್ತು ಅಂತ.

ಆ ಸಿಮೆಂಟಿನ ಧೂಳೇ ಅವನ ಎದೆಯೊಳಗೆ ಕೂತಿತು. ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು ನೋಡಿ, ಮನೆಗೆ ಕರೆದುಕೊಂಡು ಹೋಗಿ ಎಂದರು. ಔಷಧಿ ಏನು ಎಂದು ಅವಳು ಕೇಳಲಿಲ್ಲ. ಅವರ ಮುಖದಲ್ಲೇ ಗೊತ್ತಾಯಿತು. ಮುಂದಿನ ಕೋಣೆಯ ಕಿಟಕಿ ಪಕ್ಕ ಮಂಚ ಹಾಕಿ, ಬೆನ್ನಿಗೆ ಮೂರು ದಿಂಬು ಕೊಟ್ಟು ಕೂರಿಸಿದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು.

ಒಂದು ಬೆಳಿಗ್ಗೆ ಅವನು ಕಿಟಕಿಯಾಚೆ ಬೆರಳು ತೋರಿಸಿದ. "ಲೇ, ಅಲ್ಲಿ ಹೂವಿನ ಗಿಡ ಹಾಕ್ಬೇಕು."

"ಈಗ ನೆನಪಾಯ್ತಾ?"

"ಬದುಕಿಡೀ ನೆಲ ಮುಚ್ಚಿದೆ ಕಣೇ. ಎರಡು ಮೊಳ ತೆರೆದು, ಒಂದು ಹೂ ನೋಡಿ ಹೋಗ್ತೀನಿ."

ಅವಳು ಅವನ ಬೆನ್ನಿನ ದಿಂಬು ಸರಿಮಾಡಿದಳು. "ಅಲ್ಲಿ ಬಿಸಿಲೆಲ್ಲಿದೆ? ಎದುರಿಗೆ ಮೂರು ಮಹಡಿ ನಿಂತಿದೆ."

"ಗೊತ್ತು. ಕಟ್ಟಿದ್ದೇ ನಾನು."

"ಹಿತ್ತಿಲಲ್ಲಿ ಹಾಕ್ತೀನಿ. ಒದ್ದೆ ಕಂಬಳಿ ಮಧ್ಯಾಹ್ನದೊಳಗೆ ಗರಿಗರಿ ಆಗೋ ಜಾಗ ಅದು. ಇಲ್ಲಿ ಕರವಸ್ತ್ರ ಹಾಕಿದ್ರೆ ಸಂಜೆಗೂ ತೇವ."

"ಹಿತ್ತಿಲು ನನಗೆ ಕಾಣ್ಬೇಕಲ್ಲ?"

"ಕುಂಡದಲ್ಲಿ ಬೆಳೆಸಿ ತಂದಿಡ್ತೀನಿ."

"ಕುಂಡ ಬೇಡ, ಕಿತ್ತ ಹೂವೂ ಬೇಡ. ನೆಲದಲ್ಲಿ ಬೇಕು."

ಹಠ ಹಿಡಿದರೆ ಮಗುವಿಗಿಂತ ಕಡೆ. ಅವನ ಜೊತೆ ಇಪ್ಪತ್ತು ವರ್ಷ ಗಾರೆ ಕಲಸಿದ ಆಳು ಕುಳ್ಳ, ಉಳಿ ಸುತ್ತಿಗೆ ತಂದು ಅಂಗಳದಲ್ಲಿ ಕೂತ. ಹತ್ತು ಏಟು ಹಾಕಿದರೂ ಒಂದು ಚೂರು ಏಳಲಿಲ್ಲ.

"ಏನು ಮೇಸ್ತ್ರಿ, ಬೇರೆಯವರ ಮನೇಲಿ ಮರಳು ಜಾಸ್ತಿ ಹಾಕಿಸ್ತಿದ್ರಿ, ಇಲ್ಲಿ ಬರೀ ಸಿಮೆಂಟೇ ಸುರಿದಿದ್ದೀರಲ್ಲ!"

ಮೇಸ್ತ್ರಿ ನಕ್ಕ. ನಗು ಕೆಮ್ಮಾಯಿತು. "ನನ್ನ ಕೈ ಕಣೋ. ನಿನ್ನಂಥವನಿಗೆ ಒಡೆಯುತ್ತಾ?"

ಸಂಜೆಗೆ ಎರಡು ಮೊಳ ಮಣ್ಣು ಕಣ್ಣಿಗೆ ಬಿತ್ತು. ಪಕ್ಕದ ಮನೆಯಾಕೆ ಟೇಬಲ್ ರೋಸ್‌ನ ಒಂದು ಹಿಡಿ ಕಡ್ಡಿ ಕೊಟ್ಟಳು. ಚುಚ್ಚಿದರೆ ಸಾಕು, ಬದುಕುವ ಗಿಡ. ಆದರೆ ಮೈಮೇಲೆ ಬಿಸಿಲು ಬೀಳದೆ ಅದರ ಹೂ ಬಾಯಿ ಬಿಡುವುದಿಲ್ಲ. ಅವಳು ಕಿಟಕಿ ಮುಂದೆ ನೆಟ್ಟಳು. ಉಳಿದ ಐದಾರು ಕಡ್ಡಿಯನ್ನು ಅವನಿಗೆ ಹೇಳದೆ ಒಗೆಯುವ ಕಲ್ಲಿನ ಪಕ್ಕ ಚುಚ್ಚಿದಳು.

ತಿಂಗಳಾಯಿತು. ಮುಂದಿನವು ಬಿಸಿಲು ಹುಡುಕುತ್ತ ಕೊರಳು ಚಾಚಿ, ಸಣಕಲಾಗಿ ನೆಲಕ್ಕೆ ಮಲಗಿದವು. ಹಿಂದಿನವು ಅರಳಿ ನಿಂತವು. "ಮೊಗ್ಗು ಬಂತಾ?" ಎಂದು ಅವನು ದಿನಾ ಕೇಳುವುದು, "ಬರುತ್ತೆ" ಎಂದು ಅವಳು ದಿನಾ ಹೇಳುವುದು. ಎಷ್ಟು ದಿನ ಅಂತ ಹೇಳುವುದು? ಕಡೆಗೆ ಹಿತ್ತಿಲಿನ ವಿಷಯ ಬಾಯಿಬಿಟ್ಟಳು. ಬೈಯುತ್ತಾನೆ ಎಂದುಕೊಂಡಿದ್ದಳು.

"ನೆಲದಲ್ಲೇ ತಾನೇ?" ಎಂದ.

"ನೆಲದಲ್ಲೇ."

"ಹಾಗಾದ್ರೆ ನೋಡ್ಬೇಕು."

ಹಿತ್ತಿಲಿಗೆ ಹೋಗುವ ಅಡಿಗೆಮನೆಯ ಬಾಗಿಲಲ್ಲಿ ಮಂಚ ಹಾಯುವುದಿಲ್ಲ. ಕುಳ್ಳನಿಗೆ ಭಾನುವಾರ ಮಾತ್ರ ರಜೆ. ಭಾನುವಾರ ಅವನು ಬಂದು ಮೇಸ್ತ್ರಿಯನ್ನು ಕುರ್ಚಿಯಲ್ಲಿ ಕೂರಿಸಿದ. ಅವಳೂ ಒಂದು ಕಡೆ ಹಿಡಿದಳು. ಇಬ್ಬರೂ ಸೇರಿ ಹಿಂದಿನ ಬಾಗಿಲಿಗೆ ಒಯ್ದರು. ಅವತ್ತೇ ಮೋಡ. ಒಂದು ಹೂವೂ ತೆರೆಯಲಿಲ್ಲ. ಮುಚ್ಚಿದ ಮೊಗ್ಗುಗಳ ಮುಂದೆ ಅವನು ಒಂದು ಗಂಟೆ ಕೂತ. ಉಸಿರು ಮೇಲೆ ಮೇಲೆ ಬಂತು. ಕುಳ್ಳ ಆಕಾಶಕ್ಕೆ ಮುಖ ಮಾಡಿ ಬಾಯಿಗೆ ಬಂದ ಹಾಗೆ ಬೈದ.

"ಬಿಡೋ, ಸೂರ್ಯನಿಗೇನು ನಾವು ಕೂಲಿ ಕೊಡ್ತೀವಾ?" ಎಂದ ಮೇಸ್ತ್ರಿ.

ಆಮೇಲೆ ಅವನನ್ನು ಮಂಚದಿಂದ ಎತ್ತುವ ಹಾಗಿರಲಿಲ್ಲ. ಮಾರನೆಯ ದಿನ ಸುಡುಸುಡು ಬಿಸಿಲು. ಹಿತ್ತಿಲ ತುಂಬ ಹೂ. ಅವಳಿಗೆ ಏನು ಮಾಡಲೂ ತೋಚಲಿಲ್ಲ. ಎರಡೇ ಕೋಣೆಯ ಮನೆ, ನಡುವೆ ಒಂದು ಗೋಡೆ. ಹಿಂದಿನ ಬಾಗಿಲಲ್ಲಿ ನಿಂತು ಕೂಗಿದಳು. "ರೀ, ಕೆಂಪು ನಾಲ್ಕು. ಹಳದಿ ಎರಡು."

ಒಳಗಿನಿಂದ ದನಿ ಬಂತು. "ದೊಡ್ಡದು ಯಾವುದು?"

"ಕೆಂಪು. ಕಲ್ಲಿಗೆ ಆತುಕೊಂಡಿದೆ."

ದಿನಾ ಹತ್ತು ಗಂಟೆಗೆ ಇದೇ ಕೆಲಸವಾಯಿತು. ಇವಳಿಗೆ ತಲೆ ಕೆಟ್ಟಿದೆ ಎಂದು ಅಕ್ಕಪಕ್ಕದವರು ಅಂದುಕೊಂಡರೋ ಏನೋ. ಅವನ ದನಿ ಬರಬರುತ್ತ ಸಣ್ಣದಾಯಿತು. ಆಮೇಲೆ ದನಿಯೂ ಇಲ್ಲ. ಕೇಳಿಸಿತು ಎನ್ನಲು ಮಂಚದ ಪಟ್ಟಿಗೆ ಬೆರಳಿನಿಂದ ಬಡಿಯುತ್ತಿದ್ದ.

ಒಂದು ಗುರುವಾರ ಹನ್ನೊಂದು ಹೂ ಬಿಟ್ಟಿತ್ತು. ಅಷ್ಟು ಯಾವತ್ತೂ ಬಿಟ್ಟಿರಲಿಲ್ಲ. ಒಂದೊಂದರ ಬಣ್ಣ ಹೇಳಿ, ಎಲ್ಲೆಲ್ಲಿದೆ ಎಂದು ಹೇಳಿ ಮುಗಿಸಿದಳು. ಬಡಿದ ಸದ್ದು ಬರಲಿಲ್ಲ. ಅವಳು ಒಳಗೆ ಹೋಗಲಿಲ್ಲ. ಮತ್ತೆ ಮೊದಲಿನಿಂದ, ಇನ್ನೂ ಜೋರಾಗಿ ಹೇಳಿದಳು.

ಎಷ್ಟನೆಯ ಹೂವಿನ ತನಕ ಅವನು ಕೇಳಿಸಿಕೊಂಡ ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.