ಗೋಡೆಯಿಂದ ತಟ್ಟೆಗಿಳಿದ ಅತ್ತಿ

ಬಾತಿಯಿಂದ ಮೊದಲ ಬಸ್ಸು ಹಿಡಿದು ಹರಿಹರಕ್ಕೆ ಬರುವ ಅಂಜಿನವ್ವ ಮನೆಯವರಿಗಿಂತ ಮೊದಲು ಗಿಡವನ್ನು ಮಾತಾಡಿಸುತ್ತಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿತ್ತಲಲ್ಲಿ ಅಗಲವಾದ ಸಿಮೆಂಟ್ ತಟ್ಟೆ, ಅದರಲ್ಲಿ ಎರಡಡಿ ಎತ್ತರದ ಅತ್ತಿಯ ಬೊಡ್ಡೆ. ಒಂದೇ ಒಂದು ಎಲೆಯಿಲ್ಲ. ಹೊದಿಸಿದ ಒದ್ದೆ ಗೋಣಿಚೀಲ ಸರಿಸಿ, ತೊಗಟೆಯನ್ನು ಉಗುರಿನಿಂದ ಚೂರೇ ಚೂರು ಕೆರೆಯುತ್ತಾರೆ. ಒಳಗೆ ಹಸಿರು. ಅದರ ಮೇಲೆ ಸಾಸಿವೆ ಕಾಳಿನಷ್ಟು ಬಿಳಿ ಹಾಲು.

"ಐತ್ರೀ, ಜೀವ ಐತೆ!" ಎಂದು ಕೂಗುತ್ತಾರೆ.

"ಚಿಗುರ್ತೇನು?" ಒಳಗಿನಿಂದ ಪ್ರಶ್ನೆ. ಮೂವತ್ತೆಂಟು ದಿನಗಳಿಂದ ಇದೇ ಪ್ರಶ್ನೆ.

ಕೇಳುತ್ತಿರುವವರು ಎಪ್ಪತ್ತಾರರ ದ್ರಾಕ್ಷಾಯಣಮ್ಮ. ಅವರ ಹಳೇ ಮನೆಯ ಗೋಡೆ ಸೀಳಿ ಬೆಳೆದಿದ್ದ ಅತ್ತಿ ಇದು. ಮಗ ಕೊಟ್ಟೂರೇಶ್ ಸಿಮೆಂಟು, ಕಬ್ಬಿಣದ ವ್ಯಾಪಾರಿ. ಬಿರುಕು ಬಿಟ್ಟ ಮನೆ ಕೆಡವಿ ಹೊಸದು ಕಟ್ಟಲು ಹೊರಟರೆ ತಾಯಿ ಪಟ್ಟು ಹಿಡಿದರು: ದೇವರು ಕೂರುವ ಮರ, ಕಡಿಯಕೂಡದು, ಅದು ಬೇರೆ ಕಡೆ ಚಿಗುರಿದ ಮೇಲೇ ಗುದ್ದಲಿ ಪೂಜೆ. ಅಂಜಿನವ್ವರನ್ನು ಕರೆಸಿ ಮರವನ್ನು ತಟ್ಟೆಗಿಳಿಸಿದರು. ಈಗ ಮನೆ ಕೆಡವಿಯಾಗಿದೆ, ಸಂಸಾರ ಬಾಡಿಗೆ ಮನೆಯಲ್ಲಿದೆ, ಎಲ್ಲರೂ ಒಂದು ಬೋಳು ಬೊಡ್ಡೆಯ ಮುಖ ನೋಡುತ್ತಿದ್ದಾರೆ! ಕಬ್ಬಿಣ ಮಾರುವ ಮನುಷ್ಯ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು "ಚಿಗುರಪ್ಪಾ ಮಾರಾಯ" ಎಂದು ಬೇಡುವುದನ್ನು ನಾನೇ ಕಣ್ಣಾರೆ ಕಂಡೆ.

ಐವತ್ತೇಳರ ಅಂಜಿನವ್ವ ದಾವಣಗೆರೆಯಲ್ಲಿ ಮೂವತ್ತು ವರ್ಷ ಗಾರೆ ಕೆಲಸ ಮಾಡಿದವರು. ಗೋಡೆಯಲ್ಲಿ ಹುಟ್ಟಿದ ಅರಳಿ, ಆಲ, ಅತ್ತಿ ಎಂದರೆ ಮನೆಯವರಿಗೆ ಸಂಕಟ. ಕಡಿಯಲು ಕೈ ಬಾರದು, ಬಿಟ್ಟರೆ ಗೋಡೆ ಉಳಿಯದು. "ಮೇಸ್ತ್ರಿ ಒಂದಿನ ಬೇರಿಗೆ ಆಸಿಡ್ ಹುಯ್ಯಿ ಅಂದ. ನನ್ ಕೈ ಏಳ್ಲಿಲ್ರಿ. ಕಿತ್ಕಂಡು ತೂತು ಬಿದ್ದ ಬಾಂಡ್ಲಿಯಾಗೆ ಇಟ್ಟೆ. ಮುಂಡೇದು ಬದುಕ್ತು!" ಎಂದು ನಗುತ್ತಾರೆ. ಆ ಬಾಂಡ್ಲಿ ಗಿಡ ನೋಡಿ ಬೆರಗಾದ ನರ್ಸರಿಯ ಫಿರ್ದೌಸ್ ತಂತಿ ಸುತ್ತಿ ಕೊಂಬೆ ಬಗ್ಗಿಸುವುದನ್ನು ಕಲಿಸಿಕೊಟ್ಟರಂತೆ. ಇದುವರೆಗೆ ಗೋಡೆಯಿಂದ ಇಳಿಸಿದ ಗಿಡ ಮುನ್ನೂರ ಹನ್ನೆರಡು, ಸತ್ತವು ನಲವತ್ತೊಂದು. ಬದುಕಿದವು ಎಲ್ಲೆಲ್ಲಿವೆಯೋ ನೆನಪಿಲ್ಲ, ಸತ್ತ ಒಂದೊಂದರ ಬೀದಿಯನ್ನೂ ಹೇಳುತ್ತಾರೆ.

ಬೋನ್ಸಾಯ್ ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. "ಗಿಡ್ಡ ಮರ" ಅಷ್ಟೇ. ಈ ಅತ್ತಿಯ ಬೇರು ಒಂದು ಇಟ್ಟಿಗೆಯನ್ನು ಅಪ್ಪಿಕೊಂಡಿತ್ತು. ಬಿಡಿಸಲು ಹೋಗದೆ ಇಟ್ಟಿಗೆ ಸಮೇತ ತಟ್ಟೆಯಲ್ಲಿ ಕೂರಿಸಿ, ನೆಟ್ಟಗೆ ಏರಿದ್ದ ಕಾಂಡವನ್ನು ಕತ್ತರಿಸಿ, ಪಕ್ಕದ ಎರಡು ಕೊಂಬೆ ಉಳಿಸಿದ್ದಾರೆ. "ಮಳಿ, ಬಿಸ್ಲು ಎಲ್ಲಾ ಕಂಡ್ ಮರ ಇದು. ನಾವೇನ್ ಹೊಸ್ದು ಮಾಡ್ತೀವ್ರಿ? ಅದ್ರ ಮುಖ ಯಾ ಕಡೀಗೈತೆ ಅಂತ ಹುಡುಕ್ಬೇಕು, ಅಷ್ಟೇ."

ಮೂರನೇ ವಾರ ತಟ್ಟೆ ಹುಳಿ ವಾಸನೆ ಹೊಡೆಯಿತು. ಮಣ್ಣಿನ ತುಂಬ ಇರುವೆ. ಕೇಳಿದರೆ, ದ್ರಾಕ್ಷಾಯಣಮ್ಮ ದಿನಾ ಬೆಳಿಗ್ಗೆ ಯಾರಿಗೂ ಹೇಳದೆ ಬೊಡ್ಡೆಗೆ ಒಂದು ಲೋಟ ಹಾಲು ಎರೆಯುತ್ತಿದ್ದರು! ಹಿರಿಯರನ್ನು ಬೈಯುವುದು ಹೇಗೆ? ಅಂಜಿನವ್ವ ತೊಗಟೆ ಕೆರೆದು ತೋರಿಸಿದರು: "ಅದ್ರ ಮೈಯಾಗೇ ಹಾಲೈತೆ ಅಮ್ಮಾರೆ, ಮ್ಯಾಲೆ ನಾವ್ಯಾಕ ಹೊಯ್ಬೇಕು?"

ಅಮ್ಮ ಲೋಟ ಕೆಳಗಿಟ್ಟರು. ಅಂಜಿನವ್ವ ಬೇರು ತೊಳೆದು, ಕೊಳೆತದ್ದನ್ನು ಕತ್ತರಿಸಿ, ಹೊಸ ಮರಳು ಮಣ್ಣು ತುಂಬಿದರು. "ಅವತ್ತು ಊಟ ಸೇರ್ಲಿಲ್ರಿ. ಇದು ಹೋದ್ರೆ ಅತ್ತಿ ಕೊಂದೋಳು ಅಂತಾರೆ. ಆಮ್ಯಾಲೆ ಯಾರು ಕರೀತಾರೆ? ಎಲ್ರೂ ಮತ್ತೆ ಆಸಿಡ್ಡೇ ಹುಯ್ತಾರೆ" ಎನ್ನುವಾಗ ಅವರ ದನಿ ಇಳಿಯುತ್ತದೆ.

ನಲವತ್ತಾರನೇ ದಿನ ಕೊಟ್ಟೂರೇಶ್ ಫೋನಿನಲ್ಲಿ ಕಿರುಚಿದಾಗ ಏನೋ ಅನಾಹುತವೇ ಆಯಿತೆಂದುಕೊಂಡೆ. ಚಿಗುರಿತ್ತು! ಒಂದಲ್ಲ, ಐದು ಕಡೆ. ಆ ಸಂಭ್ರಮಕ್ಕೆ ದಾವಣಗೆರೆಯಿಂದ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದರು. ಹರಿಹರ ಮುಟ್ಟುವಷ್ಟರಲ್ಲಿ ದೋಸೆ ಮೆತ್ತಗಾಗಿತ್ತು, ಆದರೂ ಒಂದೂ ಉಳಿಯಲಿಲ್ಲ. ಅಂಜಿನವ್ವ ಮಾತ್ರ ಕೈ ತೊಳೆದು, ಕೊಂಬೆಗೆ ತಂತಿ ಸುತ್ತಿ, ಮೆಲ್ಲಗೆ ಕೆಳಕ್ಕೆ ಬಾಗಿಸುತ್ತಾ ಕೂತರು.

ಇಂದು ಗುದ್ದಲಿ ಪೂಜೆ. ಬಯಲಾದ ಜಾಗದ ಮೂಲೆಯಲ್ಲಿ ಎಳೆ ಎಲೆಗಳ ಅತ್ತಿ ನೆರಳಿನಡಿ ಕೂತಿದೆ. ವಿಭೂತಿ, ಕುಂಕುಮ ಹಚ್ಚಿದ ಗುದ್ದಲಿಗೆ ಕೊಟ್ಟೂರೇಶ್ ಕೈ ಚಾಚುತ್ತಾರೆ. ತಾಯಿ ಕೊಡುವುದಿಲ್ಲ.

"ಅಂಜಿನವ್ವಾ, ಬಾರವ್ವ ಇಲ್ಲಿ. ಮೊದ್ಲ ಏಟು ನಿಂದು."

ಹಿಂದೆ ನಿಂತಿದ್ದ ಅಂಜಿನವ್ವ "ಅಯ್ಯೋ ಬ್ಯಾಡ್ರಿ ಅಮ್ಮಾರೆ" ಎನ್ನುತ್ತಾರೆ. ಯಾರೂ ಕೇಳುವುದಿಲ್ಲ. ಚಪ್ಪಲಿ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಒಂದೇ ಏಟಿಗೆ ಮಣ್ಣು ಎಬ್ಬಿಸುತ್ತಾರೆ. ಆಮೇಲೆ ಏನನಿಸಿತು ಎಂದು ಕೇಳಿದೆ.

"ಮೂವತ್ತು ವರ್ಷ ಗುದ್ದಲಿ ಹಿಡ್ದೀನ್ರಿ" ಎಂದರು. "ಅದ್ಕೆ ಕುಂಕುಮ ಹಚ್ಚಿ ನನ್ ಕೈಗೆ ಕೊಟ್ಟಿದ್ದು ಇವತ್ತೇ."