ಮಾವ ನೋಡದ ಹೋಮ್ ಮ್ಯಾಚ್

ಕಾರಿನ ಅಡಿಯಿಂದ ನೋಡಿದರೆ ಜನ ಕಾಣುವುದಿಲ್ಲ, ಬರೀ ಕಾಲುಗಳು ಕಾಣುತ್ತವೆ. ಸ್ನೀಕರ್‌ಗಳು, ಹವಾಯಿ ಚಪ್ಪಲಿಗಳು, ಹೆಜ್ಜೆ ಇಟ್ಟಾಗ ಮಿನುಗುವ ಯಾವುದೋ ಮಗುವಿನ ಶೂ. ಎಲ್ಲವೂ ಎಡದಿಂದ ಬಲಕ್ಕೆ ಓಡುತ್ತಿದ್ದವು. ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ಮಾತ್ರ ಅವುಗಳಿಗೆ ಎದುರಾಗಿ, ಅವಸರವಿಲ್ಲದೆ ನಡೆದು ಹೋಗುತ್ತಿತ್ತು. ಅದು ನನ್ನ ಸೋದರಮಾವನದು. ಈಗಲೂ ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿದಾಗ, ಮೀಟಿಂಗಿನ ನಡುವೆ ಯಾರಾದರೂ ಕುರ್ಚಿ ಎಳೆದಾಗ, ನಾನು ಮತ್ತೆ ಆ ಕಾರಿನ ಅಡಿಗೆ ಹೋಗಿಬಿಡುತ್ತೇನೆ.

ಮಾವ ಬೆಂಗಳೂರಿನ ಆಸ್ಟಿನ್ ಟೌನ್‌ನವರು. ಪ್ರಾಯದಲ್ಲಿ ಕಾರ್ಖಾನೆಯೊಂದರ ಫುಟ್‌ಬಾಲ್ ತಂಡದಲ್ಲಿ ಆಡಿದವರು. ಕೋವಿಡ್‌ನ ಎರಡನೇ ಅಲೆಯಲ್ಲಿ ಅತ್ತೆ ಹೋದ ಮೇಲೆ ಅವರ ಮಾತು ನಿಂತುಹೋಗಿತ್ತು. ಮಕ್ಕಳಿಲ್ಲ. ನಾನು ಸ್ಯಾನ್ ಡಿಯಾಗೋದಿಂದ ಫೋನ್ ಮಾಡಿದರೆ ಹೂಂ, ಆಯ್ತು, ಇಡ್ಲಾ, ಇಷ್ಟೇ. ಒಂದು ಸಲ ಮಾತ್ರ ಅವರ ಹಿಂದೆ ಟಿವಿಯ ಗದ್ದಲ ಕೇಳಿಸಿತು. ಯಾವ ಮ್ಯಾಚು ಎಂದೆ. ಲಾಸ್ ಏಂಜಲೀಸ್‌ನ ತಂಡದ್ದಂತೆ. ಇಲ್ಲಿನ ಶನಿವಾರ ಸಂಜೆಯ ಆಟ ಅಲ್ಲಿ ಭಾನುವಾರ ತಿಂಡಿಯ ಹೊತ್ತಿಗೆ ಬರುತ್ತದೆ. ಅತ್ತೆ ಇಲ್ಲದ ಬೆಳಗುಗಳಲ್ಲಿ ಅದೊಂದು ಅವರಿಗೆ ಸಿಕ್ಕಿತ್ತು. ಅವತ್ತು ಅವರು ಬಹಳ ಹೊತ್ತು ಮಾತಾಡಿದರು. ಅಂದಿನಿಂದ ನಾನೂ ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚಿನ ನಮ್ಮ ಮನೆಯಲ್ಲಿ ಅದೇ ಆಟ ಹಾಕಿಕೊಂಡು, ಫೋನು ಸ್ಪೀಕರ್‌ನಲ್ಲಿಟ್ಟು ಕೂರತೊಡಗಿದೆ. ಆಫ್‌ಸೈಡ್ ಎಂದರೇನೆಂದು ಕಲಿತೆ. ಮಗಳೂ ಬಂದು ಕೂರುತ್ತಿದ್ದಳು. ತಾತ ಕನ್ನಡದಲ್ಲಿ ರೆಫರಿಯನ್ನು ಬೈದರೆ ಇವಳು ಇಂಗ್ಲಿಷಿನಲ್ಲಿ ಬೈಯುತ್ತಿದ್ದಳು.

ಅವರು ನನ್ನಲ್ಲಿ ಕೇಳಿದ್ದು ಒಂದೇ. “ಒಂದ್ಸಲ ಅವರ ಹೋಮ್ ಮ್ಯಾಚು ಅವರೂರಲ್ಲೇ ಕೂತು ನೋಡ್ಬೇಕು ಕಣೇ. ನಂಗೆ ಇನ್ನೇನೂ ಬೇಡ.”

ವೀಸಾಕ್ಕೆ ಕಾದು ಕಾದು ಕೊನೆಗೆ ಕಳೆದ ಬೇಸಿಗೆಯಲ್ಲಿ ಬಂದರು. ಹೋಮ್ ಮ್ಯಾಚಿದ್ದ ಶನಿವಾರ ತುಂಬು ತೋಳಿನ ಅಂಗಿಯ ಮೇಲೆ ತಂಡದ ಜೆರ್ಸಿ ಹಾಕಿಕೊಂಡು ಬೆಳಿಗ್ಗೆಯೇ ಸೋಫಾದ ತುದಿಯಲ್ಲಿ ಕೂತಿದ್ದರು. ಲಾಸ್ ಏಂಜಲೀಸ್‌ಗೆ ಹೋಗುವ ದಾರಿಯುದ್ದಕ್ಕೂ ತಂಡದ ಬಾವುಟ ಕಟ್ಟಿದ ಕಾರು ಕಂಡರೆ ‘ನಮ್ಮೋರು’ ಎಂದು ಕೈಬೀಸುವುದು. ಮಗಳು ನಾಚಿಕೆಯಿಂದ ಸೀಟಿನಲ್ಲಿ ಕುಸಿದು ಕೂತಿದ್ದಳು. ಯಾಕೆ ಹಾಗೆ ಮುದುರಿಕೊಂಡಿದ್ದೀಯ ಎಂದು ಕೇಳಿ, ಅವಳ ಪರವಾಗಿಯೂ ಒಮ್ಮೆ ಕೈಬೀಸಿದರು.

ಸ್ಟೇಡಿಯಮ್ಮಿನ ಪಾರ್ಕಿಂಗ್ ಜಾಗವೇ ಒಂದು ಸಂತೆ. ಜನ ಕಾರಿನ ಡಿಕ್ಕಿ ತೆರೆದು ಒಲೆ ಹಚ್ಚಿ ಮಾಂಸ ಸುಡುತ್ತಿದ್ದರು, ಡ್ರಮ್ ಬಾರಿಸುತ್ತಿದ್ದರು. ಪಕ್ಕದ ಕಾರಿನ ದಪ್ಪ ಮೀಸೆಯ ಮುದುಕ ಮಾವನ ಜೆರ್ಸಿ ನೋಡಿ ಕುರ್ಚಿ ಕೊಟ್ಟ. ಮಾವ ಪೇಪರ್ ಪ್ಲೇಟಿನಲ್ಲಿ ಪುಳಿಯೋಗರೆ ಕೊಟ್ಟರು. ಮುದುಕ ಒಂದು ತುತ್ತು ತಿಂದು ಬಾಯಿಗೆ ಗಾಳಿ ಹಾಕಿಕೊಂಡ, ಆಮೇಲೆ ಇನ್ನಷ್ಟು ಕೇಳಿದ. ಅತ್ತೆ ಹೋದ ಮೇಲೆ ಮಾವ ಅಷ್ಟು ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಇನ್ನೂ ಬಿಸಿಲಿತ್ತು. ಗೇಟಿಗೆ ಹೋಗೋಣವೆಂದು ಎದ್ದಾಗ ಟಪ್ ಟಪ್ ಎಂದು ಸದ್ದಾಯಿತು.

“ಪಟಾಕಿ ಹೊಡೀತಿದ್ದಾರೆ,” ಎಂದರು ಮಾವ, ಖುಷಿಯಿಂದ.

ನಾನೂ ಹಾಗೆಯೇ ಅಂದುಕೊಂಡೆ. ಆದರೆ ಮಗಳು ಆಗಲೇ ನೆಲಕ್ಕೆ ಬಿದ್ದಿದ್ದಳು. ನನ್ನ ಕುರ್ತಾ ಹಿಡಿದು ಎಳೆದಳು. ಅವಳ ಮುಖ ನೋಡಿದ ಮೇಲೆ ನನಗೆ ಅರ್ಥವಾಯಿತು. ಇಬ್ಬರೂ ಕಾರಿನ ಅಡಿಗೆ ತೆವಳಿದೆವು. ಮಾವನ ಜೆರ್ಸಿಯ ಅಂಚು ಕೈಗೆ ಸಿಕ್ಕಿತ್ತು. ಆ ಜಾರುವ ಬಟ್ಟೆ ಬೆರಳಿನಿಂದ ತಪ್ಪಿಹೋಯಿತು.

“ಯಾರೋ ಬಿದ್ದಿದ್ದಾರೆ ಕಣೇ,” ಎಂದದ್ದು ಮೇಲಿಂದ ಕೇಳಿಸಿತು. ಆಮೇಲೆ ಆ ಬಿಳಿ ಶೂಗಳು ನಡೆದವು.

ಮಾವ ಎಂದು ಕೂಗಲು ನಾನು ಬಾಯಿ ತೆರೆದೆ. ಮಗಳು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಯಾರಾದರೂ ಬಂದೂಕು ಹಿಡಿದು ಶಾಲೆಗೆ ನುಗ್ಗಿದರೆ ಏನು ಮಾಡಬೇಕೆಂದು ಇಲ್ಲಿನ ಮಕ್ಕಳಿಗೆ ಬಾಲವಾಡಿಯಿಂದಲೇ ಡ್ರಿಲ್ ಇರುತ್ತದೆ: ದೀಪ ಆರಿಸಬೇಕು, ಮರೆಯಲ್ಲಿರಬೇಕು, ಸದ್ದು ಮಾಡಬಾರದು. ನಮ್ಮ ಕಾಲದಲ್ಲಿ ಡ್ರಿಲ್ ಎಂದರೆ ಬಿಸಿಲಿನಲ್ಲಿ ಕೈ ಮೇಲೆ ಕೈ ಕೆಳಗೆ. ಅವಳ ಅಂಗೈಯಲ್ಲಿ ಪುಳಿಯೋಗರೆಯ ಎಣ್ಣೆಯ ವಾಸನೆಯಿತ್ತು. ಇನ್ನೊಂದು ಸದ್ದಾಯಿತು. ಕಾಲುಗಳು ಒಟ್ಟೊಟ್ಟಾಗಿ ನುಗ್ಗಿ ಬಂದವು. ಅವು ಕಳೆದ ಮೇಲೆ ಬಿಳಿ ಶೂಗಳು ಎಲ್ಲೂ ಕಾಣಲಿಲ್ಲ.

ಎರಡು ಸಾಲು ಆಚೆ ಯಾರೋ ಇಬ್ಬರ ಜಗಳವಂತೆ. ಗುಂಡು ಯಾರಿಗೂ ತಗುಲಿರಲಿಲ್ಲ. ಬಿದ್ದಿದ್ದವಳು ಓಡುವಾಗ ಕಾಲು ಉಳುಕಿದ ಒಬ್ಬ ಹುಡುಗಿ. ಮಾವ ಅವಳ ಕಂಕುಳಿಗೆ ಕೈ ಕೊಟ್ಟು ಎಬ್ಬಿಸುವಾಗ ಜನ ಅವರ ಮೇಲೆ ಹಾದುಹೋಗಿದ್ದರು. ನಾವು ಹೋದಾಗ ಅವರು ಟಾರಿನ ಮೇಲೆ ಬಿದ್ದಿದ್ದರು, ಕಣ್ಣು ತೆರೆದಿತ್ತು. ಆ ಹುಡುಗಿ ಅವರ ಕೈ ಹಿಡಿದು ಅಳುತ್ತಿದ್ದಳು. ಆಟ ತಡವಾಗಿ ಶುರುವಾಯಿತಂತೆ. ನಾವಾಗ ಆಸ್ಪತ್ರೆಯಲ್ಲಿದ್ದೆವು.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಲಾಸ್ ಏಂಜಲೀಸ್‌ನ ಪೋರ್ಟರ್ ರ್ಯಾಂಚಿನ ಪರಿಚಯದ ಆಂಟಿಯೊಬ್ಬರು ಅನ್ನ ಸಾರು ತಂದು ಕೊಡುತ್ತಿದ್ದರು. ಜೊತೆಗೆ ಬುದ್ಧಿಮಾತು. ಇದೇನು ನಿಮ್ಮ ಆಸ್ಟಿನ್ ಟೌನಾ, ಇಲ್ಲಿ ಗುಂಡಿನ ಸದ್ದು ಕೇಳಿದ ಕಡೆಗೆ ಯಾರಾದರೂ ಹೋಗ್ತಾರಾ ಎಂದರು. ಮಾವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರ ಬೀದಿಯಲ್ಲಿ ಯಾರಾದರೂ ಬಿದ್ದರೆ ಹತ್ತು ಜನ ಸೇರುತ್ತಾರೆ. ಒಬ್ಬ ನೀರು ತರುತ್ತಾನೆ, ಒಬ್ಬ ಆಟೊ ನಿಲ್ಲಿಸುತ್ತಾನೆ, ಏನೂ ಮಾಡದವನು ನಿಂತಾದರೂ ನೋಡುತ್ತಾನೆ. “ಸದ್ದಿನ ಕಡೆಗೆ ನಾನೆಲ್ಲಿ ಹೋದೆ? ಬಿದ್ದೋರ ಕಡೆಗೆ ಹೋದೆ,” ಎಂದರು.

ಮಗಳು ಅಲ್ಲೇ ಕಿಟಕಿಯ ಹತ್ತಿರ ನಿಂತಿದ್ದಳು. ಆಸ್ಪತ್ರೆಗೆ ಬಂದಾಗಿನಿಂದ ಅವಳು ಅವರ ಜೊತೆ ಮಾತಾಡಿರಲಿಲ್ಲ. ತಾನು ನನ್ನ ಬಾಯಿ ಮುಚ್ಚದಿದ್ದರೆ ತಾತ ನಿಲ್ಲುತ್ತಿದ್ದರು ಎಂಬುದು ಅವಳ ಲೆಕ್ಕ. ನಿಲ್ಲುತ್ತಿರಲಿಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ನಂಬಲಿಲ್ಲ.

ಮಾವ ನಮ್ಮ ಮನೆಗೆ ಬಂದು, ವಾಕರ್ ಹಿಡಿದು ಹಾಲ್‌ನಲ್ಲಿ ಓಡಾಡುವಂತಾದರು. ವಾಪಸು ಹೋಗುವ ಮೊದಲು ಇನ್ನೊಂದು ಹೋಮ್ ಮ್ಯಾಚ್ ಇತ್ತು. ವೀಲ್‌ಚೇರಿನವರಿಗೆ ಬೇರೆ ಜಾಗವಿದೆ, ಹೋಗಬಹುದು ಎಂದು ವಿಚಾರಿಸಿ ಹೇಳಿದೆ. ಅವರ ಮುಖ ಅರಳಿತು. ಜೆರ್ಸಿಯನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದಿದ್ದರು. ಹೊಸದು ಬೇಡ, ಅಂಗಿಯಲ್ಲೇ ಬರುತ್ತೇನೆ ಎಂದರು.

ಮಗಳು ಎದ್ದು ತನ್ನ ರೂಮಿಗೆ ಹೋಗಿಬಿಟ್ಟಳು. ಮಾವ ವಾಕರ್ ಹಿಡಿದು ನಿಧಾನವಾಗಿ ಅವಳ ಬಾಗಿಲಿಗೆ ಹೋದರು. ನಾನು ಹಿಂದೆ ನಿಂತೆ. ಯಾಕೆ ಮಗು ಎಂದು ಕೇಳಿದರು. ಅವಳು ಗೋಡೆ ನೋಡುತ್ತ ಇಂಗ್ಲಿಷಿನಲ್ಲಿ ಕೇಳಿದಳು: ಇನ್ನೊಮ್ಮೆ ಹಾಗೇ ಆದರೂ ನೀವು ಬಿದ್ದವರ ಕಡೆಗೇ ಹೋಗುತ್ತೀರಿ, ಅಲ್ಲವಾ?

ಇಲ್ಲ ಎಂದುಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಸಣ್ಣ ಸುಳ್ಳು ಸಾಕಿತ್ತು.

“ಹೋಗ್ತೀನೇನೋ, ಮಗು. ಯಾರಾದ್ರೂ ಬಿದ್ರೆ ಹೋಗ್ತೀನೇನೋ.”

ಅವಳು ಅಳತೊಡಗಿದಳು, ಸದ್ದಿಲ್ಲದೆ. ಅವಳು ಅಳುವುದೂ ಈಗ ಹಾಗೆಯೇ. ಮಾವ ಒಳಗೆ ಹೋಗಿ ಮಂಚದ ತುದಿಯಲ್ಲಿ ಕಷ್ಟಪಟ್ಟು ಕೂತರು. ಸ್ವಲ್ಪ ಹೊತ್ತಿನ ಮೇಲೆ, ಟಿಕೆಟ್ ತೆಗೀಬೇಡ ಕಣೇ ಎಂದು ನನಗೆ ಹೇಳಿದರು.

ಆ ಶನಿವಾರ ಸಂಜೆ ಆಟ ಶುರುವಾಗುವ ಹೊತ್ತಿಗೆ ಅವರು ಹಿತ್ತಲಲ್ಲಿ ಕೂತಿದ್ದರು. ಮಗಳು ಪಕ್ಕದಲ್ಲಿದ್ದಳು, ಅವರ ಅಂಗಿಯ ತೋಳು ಹಿಡಿದುಕೊಂಡು. ನಮ್ಮ ಮೂವರಲ್ಲಿ ಯಾರೂ ಟಿವಿ ಹಾಕಲಿಲ್ಲ.