ಎವಾರಿಸ್ತಜ್ಜಿಯ ಶಿಲುಬೆ ಬಟ್ಟೆ

ಅಸುನ್ಸಿಯೋನ್ ಪೇಟೆಯಲ್ಲಿ, ವೀರರ ಸಮಾಧಿ ಮಂದಿರದ ಎದುರು ನಾನು ಚಪ್ಪಲಿ ಹೊಲಿಯುತ್ತೇನೆ. ಪಕ್ಕದಲ್ಲಿ ಎವಾರಿಸ್ತಜ್ಜಿ ಕೂರುತ್ತಿದ್ದಳು. ಬಿಸಿಲಿಗೆ ಎಲ್ಲರೂ ಕುಡಿಯುವ ತೆರೆರೆಗೆ ಬೇರು, ಸೊಪ್ಪು ಕುಟ್ಟಿಕೊಡುವುದು ಅವಳ ಕಸುಬು. ಬಾಯಿ ಒರಳಿಗಿಂತ ಜೋರು. ನನ್ನ ಸಿಟ್ಟಿಗೆ ಗಿರಾಕಿ ಎದ್ದು ಹೋದರೆ, "ಏನೋ ರುಫೀನೊ, ಇವತ್ತೂ ಒಬ್ಬನ್ನ ಕಚ್ಚಿ ಕಳಿಸಿದ್ಯಾ? ತಗೋ, ಪುದೀನ ಕುಡಿ" ಅನ್ನುವಳು.

ಸೋಮವಾರ ಸತ್ತವರ ದಿನ. ಆವತ್ತು ರವಿಕೆಯೊಳಗೆ ಒಂದು ಬಿಳಿ ಬಟ್ಟೆ ಮಡಿಚಿಟ್ಟುಕೊಂಡು ಮಂದಿರಕ್ಕೆ ಹೋಗುವಳು. ವಾಪಸು ಬರುವಾಗಲೂ ಬಟ್ಟೆ ಅಲ್ಲೇ. ಯಾಕೆ ಅಂತ ಕೇಳಿದರೆ, "ನಿನ್ನ ಮೊಳೆ ನೀ ಹೊಡಿ." ವರ್ಷಗಟ್ಟಲೆ ನೋಡಿ ನೋಡಿ, ತಡೆಯಲಾರದೆ ಒಂದು ಸೋಮವಾರ ಹಿಂದೆಯೇ ಹೋದೆ.

ಕನ್ಯೆ ಮರಿಯಮ್ಮನವರ ಗುಡಿಗೆಂದು ಎಬ್ಬಿಸಿದ ಕಟ್ಟಡ ಅದು. ಅಮ್ಮ ಈಗಲೂ ಪೀಠದ ಮೇಲಿದ್ದಾಳೆ. ಆದರೆ ಜನ ಬಗ್ಗಿ ನೋಡುವುದು ನಡುನೆಲದ ದುಂಡನೆ ತಗ್ಗನ್ನು. ಕೆಳಗೆ ವೀರರ ಪೆಟ್ಟಿಗೆಗಳು. ಒಂದು ಹೆಸರಿಲ್ಲದ ಸಿಪಾಯಿಯದು. ಅಜ್ಜಿ ಕಟಕಟೆಗೆ ಒರಗಿ ಬಟ್ಟೆ ಬಿಚ್ಚಿದಳು. ಸತ್ತವರ ಗೋರಿ ಮೇಲಿನ ಶಿಲುಬೆಗೆ ನಾವು ಹೊದಿಸುತ್ತೇವಲ್ಲ, ಆ ಬಟ್ಟೆ. ಕೆಂಪು ದಾರದಲ್ಲಿ ಹೆಸರು: ಕ್ರಿಸ್ಪುಲೊ.

"ಯಾರಜ್ಜಿ ಇವನು?"

"ಹಿಂದೇನೇ ಬಂದ್ಯಾ ನಾಯಿ ಹಂಗೆ? ನಮ್ಮಣ್ಣ ಕಣೋ. ಚಾಕೊ ಯುದ್ಧಕ್ಕೆ ಹೋದವನು ಬರ್ಲೇ ಇಲ್ಲ. ಹೆಣಾನೂ ಇಲ್ಲ, ಶಿಲುಬೆನೂ ಇಲ್ಲ. ಹೊದಿಸ್ದೆ ಸಾಯ್ಬೇಡ ಅಂತ ಅವ್ವ ಹೊಲಿದುಕೊಟ್ಟು ಹೋದ್ಲು."

"ಮತ್ತೆ ಕೆಳಗಿರೋ ಈ ಹೆಸರಿಲ್ಲದ ಸಿಪಾಯಿಗೇ ಹಾಕು. ಅವನೂ ಅದೇ ಯುದ್ಧದೋನು."

"ಇವನೇ ಅವನು ಅಂತ ಹೆಂಗೆ ಹೇಳ್ಲಿ? ಇನ್ಯಾರದೋ ಮಗನ ಮೇಲೆ ನಮ್ಮಣ್ಣನ ಹೆಸರು ಹೊದಿಸಿದ್ರೆ, ನಾಳೆ ನಾನು ಮೇಲೆ ಹೋದಾಗ ಆ ತಾಯಿ ನನ್ನ ಜುಟ್ಟು ಹಿಡಿಯಲ್ವಾ?"

ನನಗೆ ರೇಗಿತು. "ಹೆಸರಿಲ್ಲದೋನಿಗೆ ಹೆಸರಿನ ತಕರಾರು ಬೇರೆ. ಹೆಸರು ಯಾಕಜ್ಜಿ ಬೇಕು ಅವನಿಗೆ?" ದನಿ ಗುಮ್ಮಟಕ್ಕೆ ಬಡಿಯಿತು. ಬಾಗಿಲ ಕಾವಲಿನ ಸಿಪಾಯಿ ಕೆಮ್ಮಿದ.

ಹೊರಗೆ ಬಂದು ಅಜ್ಜಿ ಬಟ್ಟೆಯನ್ನು ತೊಡೆ ಮೇಲೆ ಹರಡಿಕೊಂಡು ಕೂತಳು. ಆಮೇಲೆ, "ಸೂಜಿ ಕೊಡು" ಅಂದಳು. ದಾರ ಪೋಣಿಸಿ ಕೊಟ್ಟೆ.

"ದಾರ ಯಾಕೋ? ಖಾಲಿ ಸೂಜಿ ಕೊಡು."

ಅವ್ವ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಸೊಪ್ಪಿಗೆ ಬಂದವರನ್ನು ನಾನೇ ಬೈದು ಕಳಿಸಿದೆ. ಮುಗಿದ ಮೇಲೆ ಹೆಸರಿದ್ದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿದವು.

"ಯಾರಾದ್ರೂ ಹೊದ್ಕೊಳ್ಳಿ" ಅಂದಳು. "ಅವನೇ ಆಗಿದ್ರೆ, ಬೆರಳಾಡಿಸಿ ತಿಳ್ಕೊಳ್ತಾನೆ."

ಮಂದಿರಕ್ಕೆ ಮತ್ತೆ ಹೋದೆವು. ಕಟಕಟೆಯಾಚೆ ಕೈ ಚಾಚಿ ಬಿಟ್ಟಳು. ಬಟ್ಟೆ ನಿಧಾನ ಇಳಿದು, ಆ ಪೆಟ್ಟಿಗೆಯ ಅಂಚಿಗೆ ಸಿಕ್ಕಿಕೊಂಡು ನಿಂತಿತು.

"ಅಜ್ಜಿ, ಏನೋ ಬಿತ್ತಲ್ಲ" ಎಂದ ಸಿಪಾಯಿ.

"ಬಿದ್ದಿಲ್ಲ ಮಗಾ, ಹಾಕಿದ್ದು."

ಅವನು ಬಗ್ಗಿ ನೋಡಿದ. ಬಾಗಿಲಿಗೆ ವಾಪಸು ಹೋಗಿ ನೆಟ್ಟಗೆ ನಿಂತ.

ಬಿಚ್ಚಿದ ಆ ಕೆಂಪು ದಾರ ಏನಾಯಿತೆಂದು ಆಮೇಲೆ ಎಷ್ಟೋ ಸಲ ಕೇಳಿದೆ.

"ನಿನ್ನ ಮೊಳೆ ನೀ ಹೊಡಿ" ಅನ್ನುತ್ತಿದ್ದಳು.